ಜನವರಿ ಒಂದರ ಹೆಜ್ಜೆಗಳು

ಕ್ಯಾಮೆರಾ ಹಾಕಿಸಿಕೊಂಡವರಿಗೆ ಅದರ ನೆನಪಾಗುವುದು ಏನಾದರೂ ಕಳೆದುಹೋದ ಮೇಲೆಯೇ. ಅಲ್ಲಿಯವರೆಗೆ ಅದರ ಕಣ್ಣಿಗೆ ಜೇಡ ಬಲೆ ಕಟ್ಟಿದರೂ ಯಾರೂ ತಲೆಯೆತ್ತಿ ನೋಡುವುದಿಲ್ಲ. ಕ್ಯಾಮೆರಾ ಕಂಡದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುವ ರೆಕಾರ್ಡರ್ ಎಂಬ ಪೆಟ್ಟಿಗೆಯೊಂದು ಎಲ್ಲೋ ಅಟ್ಟದ ಮೇಲೆ ಧೂಳು ತಿನ್ನುತ್ತ ಕೂತಿದೆ ಎಂಬುದಂತೂ ಅರ್ಧ ಜನಕ್ಕೆ ಗೊತ್ತೇ ಇರುವುದಿಲ್ಲ. ಸುಕೇಶನ ಅನ್ನ ಆ ಪೆಟ್ಟಿಗೆಯಲ್ಲಿತ್ತು. ಉಡುಪಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನದೊಂದು ಗೂಡಿನಂಥ ಅಂಗಡಿ. ಹೊಸತು ಮಾರುವವರು ಊರು ತುಂಬ ಇದ್ದಾರೆ, ಹಳತನ್ನು ಬಿಚ್ಚಿಕೊಂಡು ಕೂರುವವನು ಇವನೊಬ್ಬ. ಮಣಿಪಾಲದ ಫ್ಲ್ಯಾಟಿನವರು ಬಿಸಾಡಿದ ರೆಕಾರ್ಡರುಗಳ ಹೊಟ್ಟೆಯಿಂದ ತೆಗೆದ ಸಾಮಾನು ಕಾರ್ಕಳದ ಅಕ್ಕಿ ಗಿರಣಿಯ ರೆಕಾರ್ಡರಿಗೆ ಜೀವ ಕೊಡುತ್ತಿತ್ತು. 'ಹೊಸತು ತಗೊಳ್ಳಿ' ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಇವರಿಗೆ ವ್ಯಾಪಾರ ಗೊತ್ತಿಲ್ಲ ಎಂದು ಅವನ ಹೆಂಡತಿ ಚೈತಾಲಿ ಆಗಾಗ ಹೇಳುವುದರಲ್ಲಿ ತಪ್ಪೇನೂ ಇಲ್ಲ.

ಕಾಪುವಿನಿಂದ ಐರಿನ್ ಬಾಯಮ್ಮನ ಫೋನ್ ಬಂದಾಗ ಅವನು ಕಾರ್ಕಳದಿಂದ ಹಿಂದಿರುಗುತ್ತಿದ್ದ. ಸ್ಕೂಟರನ್ನು ಬದಿಗೆ ಹಾಕಿ ಫೋನ್ ಕಿವಿಗಿಟ್ಟದ್ದೇ ತಡ, ಆ ಕಡೆಯಿಂದ ಅರ್ಧ ಬೈಗುಳ, ಅರ್ಧ ಮೊರೆ ಒಟ್ಟಿಗೇ ಬಂತು.

"ಸುಕೇಶಾ, ಎಲ್ಲಿದ್ದೀ? ಈಗಲೇ ಬಾ ಮಾರಾಯ. ನನ್ನ ಮಾನ ಹೋಗ್ತದೆ."

"ಎಂತ ಬಾಯಮ್ಮ, ಕಳವಾಯಿತಾ?"

"ಕಳವಾದರೆ ಪೊಲೀಸರಿಗೆ ಫೋನ್ ಮಾಡ್ತಿರಲಿಲ್ವಾ? ನಿನಗೆ ಯಾಕೆ ಮಾಡಲಿ? ಎಲ್ಡನ್ ನಡೆದ!"

"ನಡೆದರೆ ಒಳ್ಳೆಯದೇ ಅಲ್ವಾ? ಅದಕ್ಕೆ ನಾನು ಬಂದು ಎಂತ ಮಾಡುವುದು?"

"ಅವನು ನಡೆದದ್ದು ಕ್ಯಾಮೆರಾದಲ್ಲಿ ಉಂಟು. ಉಂಟು ಅಂತ ಲವಿಟಾಳಿಗೆ ಹೇಳಿಬಿಟ್ಟಿದ್ದೇನೆ. ಈಗ ನೋಡಿದರೆ ನಿನ್ನ ಡಬ್ಬ ಎರಡು ಸಾವಿರದ ಇಸವಿ ತೋರಿಸ್ತಾ ಉಂಟು! ಆಗ ಲವಿಟಾಳೇ ಫ್ರಾಕ್ ಹಾಕ್ತಿದ್ದಳು!"

ಲವಿಟಾ ಐರಿನ್ ಬಾಯಮ್ಮನ ಒಬ್ಬಳೇ ಮಗಳು. ಮಸ್ಕತ್ತಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನರ್ಸ್. ಗಂಡ ಜೋಯ್‌ಸ್ಟನ್ ಅಲ್ಲಿಯೇ ಬೇರೆ ಕಂಪನಿಯಲ್ಲಿ. ಹೆರಿಗೆಗೆ ಊರಿಗೆ ಬಂದವಳು ರಜೆ ಮುಗಿದಾಗ ಮಗು ಎಲ್ಡನ್ನನ್ನು ತಾಯಿಯ ಮಡಿಲಿಗೆ ಹಾಕಿ ಹೋಗಿದ್ದಳು. ವಿಮಾನ ಹತ್ತುವ ದಿನ ಅವಳು ಅಳಲಿಲ್ಲ, ತಾಯಿ ಅತ್ತಳು. ಮೊನ್ನೆ ಮಂಗಳವಾರ ಅವನು ಬಾಯಮ್ಮನ ಬೇಕರಿಯ ಒಳಗಿನ ಕೋಣೆಯಲ್ಲಿ ತಾನೇ ನಡೆದು ಬಂದು ಅಜ್ಜಿಯ ಮೊಣಕಾಲು ಹಿಡಿದುಕೊಂಡ. ಐರಿನ್ ಬಾಯಮ್ಮ ಕುಣಿದಾಡಿ ಮಗಳಿಗೆ ಹೇಳಿದಾಗ ಅವಳು ನಕ್ಕಳು, ಆಮೇಲೆ ಸುಮ್ಮನಾದಳು, ಆಮೇಲೆ ಸಣ್ಣ ದನಿಯಲ್ಲಿ "ಯಾರೂ ವಿಡಿಯೊ ಮಾಡಲಿಲ್ವಾ ಮಮ್ಮಿ?" ಎಂದು ಕೇಳಿದಳು. ಆ ಸಣ್ಣ ದನಿಯನ್ನು ತಡೆಯಲಾರದೆ ಐರಿನ್ ಬಾಯಮ್ಮ ಕ್ಯಾಮೆರಾದಲ್ಲಿ ಎಲ್ಲ ಇದೆ, ತೆಗೆಸಿ ಕಳಿಸುತ್ತೇನೆ ಎಂದುಬಿಟ್ಟಿದ್ದಳು. ಅಂದಿನಿಂದ ಲವಿಟಾ ದಿನಾ ಕೇಳುತ್ತಿದ್ದಳು. ಇವಳು ದಿನಾ ನಾಳೆ ಎನ್ನುತ್ತಿದ್ದಳು.

ಐರಿನ್ ಬಾಯಮ್ಮನ ಬೇಕರಿ ಕಾಪು ಪೇಟೆಯಲ್ಲಿ, ಮೀನು ತರಲು ಹೋಗುವವರೆಲ್ಲ ಹಾದುಹೋಗುವ ದಾರಿಯಲ್ಲಿತ್ತು. ಮುಂದೆ ಗಾಜಿನ ಶೋಕೇಸು, ಅದರ ಹಿಂದೆ ಬಾಯಮ್ಮನ ಕುರ್ಚಿ. ಒಳಗಿನ ಕೋಣೆಯಲ್ಲಿ ಮೈದಾ ಮೂಟೆ, ರಸ್ಕಿನ ಡಬ್ಬಗಳು, ಒಂದು ಚಾಪೆ, ಚಾಪೆಯ ಮೇಲೆ ಎಲ್ಡನ್. ಎಲ್ಡನ್ನಿನ ಪಕ್ಕದಲ್ಲಿ ರಸ್ಕನ್ನು ಪೊಟ್ಟಣಕ್ಕೆ ತುಂಬುತ್ತ ರತ್ನವ್ವ. ರೋಣದ ಕಡೆಯ ಹೆಂಗಸು. ಗಂಡ ಬೀರಪ್ಪ ಗಾರೆ ಕೆಲಸದವನು. ಮಣಿಪಾಲದಲ್ಲಿ ಅವನು ಕಟ್ಟಿದ ಕಟ್ಟಡಗಳಿಗೆ ಕಲ್ಲು ಹೊತ್ತು ಸೊಂಟ ಹಿಡಿದ ಮೇಲೆ ಅವಳು ಇಲ್ಲಿ ಸೇರಿ ಬಹಳ ವರ್ಷಗಳಾಗಿದ್ದವು. ಬೇಕರಿಯಲ್ಲಿ ಬೆಳಿಗ್ಗೆ ಶೋಕೇಸು ಜೋಡಿಸುವವಳು ಅವಳು, ಸಂಜೆ ಗುಡಿಸುವವಳೂ ಅವಳು. ಎಲ್ಡನ್ನನ್ನು ಅವಳು ಎಲ್ಡಣ್ಣ ಎಂದು ಕರೆಯುತ್ತಿದ್ದಳು. ಹಲ್ಲಿಲ್ಲದ ಎಲ್ಡಣ್ಣನೂ ಆ ಹೆಸರಿಗೇ ಹೆಚ್ಚು ತಿರುಗಿ ನೋಡುತ್ತಿದ್ದ.

ಸುಕೇಶ ಸ್ಟೂಲು ಹತ್ತಿ, ಯೇಸುವಿನ ಪಟದ ಕೆಳಗಿದ್ದ ರೆಕಾರ್ಡರಿನ ಕ್ಯಾಲೆಂಡರು ತೆರೆದು ನೋಡಿದ. ಇಷ್ಟು ವರ್ಷಗಳ ಪುಟಗಳೆಲ್ಲ ಖಾಲಿ. ರೆಕಾರ್ಡ್ ಆಗಿದೆ ಎಂದು ತೋರಿಸುವ ಬಣ್ಣ ತುಂಬಿದ್ದು ಒಂದೇ ಒಂದು ದಿನಕ್ಕೆ, ಎರಡು ಸಾವಿರದ ಇಸವಿಯ ಜನವರಿ ಒಂದಕ್ಕೆ.

"ಬಾಯಮ್ಮ, ಅಂಗಡಿ ಮುಚ್ಚುವಾಗ ಎಂತ ಮಾಡ್ತೀರಿ?"

"ಎಂತ ಮಾಡುವುದು? ಫ್ರಿಜ್ಜಿನ ಲೈನ್ ಒಂದು ಬಿಟ್ಟು ಮೈನ್ ಆಫ್ ಮಾಡ್ತೇನೆ, ಬೀಗ ಹಾಕ್ತೇನೆ, ಶಿಲುಬೆ ಗುರುತು ಮಾಡಿ ಹೋಗ್ತೇನೆ."

"ಮೈನ್ ಆಫ್ ಮಾಡ್ತೀರಾ? ದಿನಾ?"

"ಮತ್ತೆ ಸಿಡಿಲು ಬಂದರೆ? ಒಂದು ಟಿವಿ ಹೋದದ್ದು ಸಾಲದಾ?"

"ಬಾಯಮ್ಮ, ಕಳ್ಳ ಬರುವುದು ರಾತ್ರಿ!"

"ಬರಲಿ. ಕತ್ತಲೆಯಲ್ಲಿ ನಿನ್ನ ಕ್ಯಾಮೆರಾಕ್ಕೆ ಎಂತ ಕಾಣ್ತದೆ?"

ಉಚ್ಚಿಲದಲ್ಲಿ ಸುಕೇಶನ ಸ್ವಂತ ತಾಯಿ ಅಕ್ಕು ಪಡುವಣದಲ್ಲಿ ಒಂದು ಮೋಡ ಕಂಡರೆ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತು ಹಾಕುತ್ತಾಳೆ. ಈ ಕರಾವಳಿಯಲ್ಲಿ ಸಿಡಿಲಿಗೆ ಹೆದರುವಷ್ಟು ಕಳ್ಳನಿಗೆ ಯಾರೂ ಹೆದರುವುದಿಲ್ಲ. ಕಳ್ಳ ಒಂದು ಮನೆಗೆ ನುಗ್ಗಿಯಾನು, ಸಿಡಿಲು ಇಡೀ ಸಾಲಿಗೆ ನುಗ್ಗುತ್ತದೆ. ಹಾಗಾಗಿ ಕಾವಲಿಗೆಂದು ತಂದಿಟ್ಟ ಪೆಟ್ಟಿಗೆಯನ್ನು ರಾತ್ರಿ ಮಲಗಿಸಿ, ಬೆಳಿಗ್ಗೆ ಎಬ್ಬಿಸಿ, ಹಗಲಿಡೀ ಬನ್ನು ಕಾಯಲು ಕೂರಿಸುವುದು ಬಾಯಮ್ಮನೊಬ್ಬಳ ಪದ್ಧತಿಯಲ್ಲ.

ಅವನು ಮುಚ್ಚಳ ಬಿಚ್ಚಿ ಬೋರ್ಡಿನ ಮೇಲಿದ್ದ ಗುಂಡಿಯಂಥ ಸಣ್ಣ ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸಿದ. ಕರೆಂಟು ಇಲ್ಲದಾಗಲೂ ಗಡಿಯಾರ ಓಡಿಸುವುದು ಅದೇ. ಅದು ಸತ್ತು ಹಸಿರುಗಟ್ಟಿತ್ತು. ಬ್ಯಾಟರಿ ಇಲ್ಲದ ರೆಕಾರ್ಡರಿಗೆ ನಿನ್ನೆ ಎಂಬುದು ಇರುವುದಿಲ್ಲ. ಪ್ರತಿದಿನ ಬೆಳಿಗ್ಗೆ ಬಾಯಮ್ಮ ಸ್ವಿಚ್ಚು ಹಾಕಿದೊಡನೆ ಅದಕ್ಕೆ ಮತ್ತೆ ಜನವರಿ ಒಂದು. ಬೇಕರಿಯ ಹಬ್ಬ ಹುಣ್ಣಿಮೆ, ಬಿಸಿಲು ಮಳೆ ಎಲ್ಲವೂ ಆ ಒಂದು ತಾರೀಕಿನ ಮೇಲೆ ಒಂದರ ಮೇಲೊಂದು ಬಂದು ಕೂತಿದ್ದವು. ಎಲ್ಲಕ್ಕೂ ಒಂದೇ ತಾರೀಕಾದ್ದರಿಂದ ಯಾವುದು ಹಳತು, ಯಾವುದನ್ನು ಅಳಿಸಬೇಕು ಎಂದು ಯಂತ್ರಕ್ಕೇ ತಿಳಿಯದೆ ಎಲ್ಲೆಂದರಲ್ಲಿ ಬರೆಯುತ್ತ ಹೋಗಿತ್ತು.

"ಅಂದರೆ ಎಲ್ಡನ್ ನಡೆದದ್ದರ ಮೇಲೆಯೂ ಬರೆದಿರಬಹುದಾ?" ಐರಿನ್ ಬಾಯಮ್ಮನ ದನಿ ತಗ್ಗಿತು.

"ಬರೆದಿರಬಹುದು. ಬರೆಯದೆಯೂ ಇರಬಹುದು. ಡಿಸ್ಕ್ ಬೇರೆ ಮುದಿಯಾಗಿದೆ, ಅಲ್ಲಲ್ಲಿ ತೇದು ಹೋಗಿದೆ. ಇದನ್ನು ಇನ್ನು ಒಂದು ನಿಮಿಷವೂ ಓಡಿಸುವುದು ಬೇಡ."

"ಲವಿಟಾ ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಮಾಡ್ತಾಳೆ. ಇವತ್ತು ತೋರಿಸ್ತೇನೆ ಅಂತ ಹೇಳಿಯಾಗಿದೆ. ವಿಡಿಯೊ ಸಿಗಲಿಲ್ಲ ಅಂತ ಹೇಳಿದರೆ ಅವಳು ಎಂತದೂ ಹೇಳುವುದಿಲ್ಲ, ಸುಕೇಶಾ. ಹೇಳಿದರೆ ಬೇಕಿತ್ತು. ಸುಮ್ಮನಾಗ್ತಾಳೆ, ಅದು ನನಗೆ ಆಗುವುದಿಲ್ಲ."

ಅಷ್ಟರಲ್ಲಿ ಗಿರಾಕಿಗಳು ಬಂದರು. ಬಾಯಮ್ಮ ಮುಂದಿನ ಕುರ್ಚಿಗೆ ಹೋದಳು. ಸುಕೇಶ ಡಿಸ್ಕನ್ನು ಕಳಚಿ ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡು ಚಾಪೆಯ ಅಂಚಿನಲ್ಲಿ ಕೂತ. ತುಣುಕು ತುಣುಕಾಗಿ ದಿನಗಳು ಎದ್ದು ಬಂದವು. ಯಾವುದರ ಮೇಲೂ ಹೆಸರಿಲ್ಲ. ಎಲ್ಲದರಲ್ಲೂ ಅದೇ ಕೋಣೆ, ಅದೇ ಮೂಟೆ, ಅದೇ ಮಗು, ಬಾಗಿಲಿನಾಚೆ ಬಾಯಮ್ಮನ ಅದೇ ಬೆನ್ನು.

"ಇದರಲ್ಲಿ ಮಂಗಳವಾರ ಯಾವುದೆಂದು ಆ ದೇವರೇ ಹೇಳಬೇಕು" ಎಂದು ಅವನು ಗೊಣಗಿದ.

ರತ್ನವ್ವ ರಸ್ಕಿನ ಪೊಟ್ಟಣ ಕೆಳಗಿಟ್ಟು ಇಣುಕಿದಳು. "ಶೋಕೇಸ್ ಕಾಣತೈತೇನ್ರಿ ಅದರಾಗ? ಕಂಡ್ರ ನಾ ಹೇಳ್ತೀನಿ."

ಬಾಗಿಲಿನಾಚೆ ಶೋಕೇಸಿನ ಒಂದು ಮೂಲೆ ಕಾಣುತ್ತಿತ್ತು. ಅಷ್ಟು ಸಾಕಾಯಿತು. ಸೋಮವಾರ ಮೊಟ್ಟೆ ಮುಟ್ಟದ ಗಿರಾಕಿಗಳೇ ಹೆಚ್ಚು, ಹಾಗಾಗಿ ಅಂದು ಮೊಟ್ಟೆ ಪಫ್ ಇಲ್ಲ. ಮಂಗಳವಾರ ದಿಲ್‌ಪಸಂದ್. ಬುಧವಾರ ಕ್ರೀಮ್ ಬನ್. ಗುರುವಾರ ಹಾಲು ಬ್ರೆಡ್ಡು. ಶನಿವಾರ ಪಫ್ ಎರಡು ತಟ್ಟೆ, ಅದರ ಪಕ್ಕ ಭಾನುವಾರದ ಹುಟ್ಟುಹಬ್ಬಗಳ ಕೇಕು. ರತ್ನವ್ವ ಬೆರಳಿಟ್ಟು ಹೇಳುತ್ತ ಹೋದಳು, ಸುಕೇಶ ಬರೆದುಕೊಳ್ಳುತ್ತ ಹೋದ. ಕ್ಯಾಲೆಂಡರು ಮರೆತ ವಾರವನ್ನು ಶೋಕೇಸು ಮರೆತಿರಲಿಲ್ಲ. ಸುಕೇಶ ಖುಷಿಯಾಗಿ ಒಂದು ರಸ್ಕು ತಿಂದ.

ಒಂದು ತುಣುಕು ತೆರೆಯುವಾಗ ಮಾತ್ರ ರತ್ನವ್ವನ ಬೆರಳು ತಡೆಯಿತು.

"ಇದು ಬ್ಯಾಡ್ರಿ. ಮುಂದಿಂದು ನೋಡ್ರಿ."

"ಯಾಕೆ? ಇದು ಯಾವ ವಾರ?"

"ಯಾವುದೋ ಹಳೇದು. ಮುಂದ ಹೋಗ್ರಿ ಅಣ್ಣಾರ, ಬಾಯಮ್ಮಾರು ಕಾಯಾಕತ್ಯಾರ."

ಅವನು ಮುಂದೆ ಹೋದ. ಇನ್ನೊಂದೆರಡು ತುಣುಕಿನ ನಂತರ ಮತ್ತೆ ಹಾಗೇ ಆಯಿತು. ರತ್ನವ್ವನ ಹಣೆಯಲ್ಲಿ ಬೆವರು ಕಂಡಿತು. ಈ ಕಸುಬಿನಲ್ಲಿ ಇಷ್ಟು ವರ್ಷ ಕೂತ ಸುಕೇಶ ಇಂಥ ಬೆವರನ್ನು ಬಹಳ ಕಡೆ ನೋಡಿದ್ದ. 'ಆ ದಿನದ್ದು ಬೇಡ' ಎಂದು ಹೇಳುವವರಿಗೆ ಆ ದಿನವೇ ಏನೋ ಇರುತ್ತದೆ. ಗಲ್ಲಾಪೆಟ್ಟಿಗೆ, ತಿಜೋರಿ, ಸ್ಟಾಕ್ ಕೋಣೆ. ಅವನಿಗೆ ಬೇಸರವಾಯಿತು. ಈ ಹೆಂಗಸಿನ ಕೈಯ ಚಹಾ ಕುಡಿದಿದ್ದಾನೆ, ನೋಡಬಾರದು ಎಂದುಕೊಂಡ. ನೋಡದೆ ಇರಲೂ ಆಗಲಿಲ್ಲ. ಎಲ್ಡನ್ ಅತ್ತಾಗ ರತ್ನವ್ವ ಅವನಿಗೆ ನೀರು ಕುಡಿಸಲು ಎದ್ದು ಹೋದಳು, ಇವನು, ಅವಳು ಮೊದಲು ಬೇಡವೆಂದ ತುಣುಕನ್ನು ತೆರೆದ.

ಶೋಕೇಸಿನ ಮೂಲೆಯಲ್ಲಿ ಹಾಲು ಬ್ರೆಡ್ಡು. ಅಂದರೆ ಆ ಮಂಗಳವಾರಕ್ಕೂ ಮುಂಚಿನ ಗುರುವಾರ. ಬಾಯಮ್ಮ ಅತ್ತ ಮುಖ ಮಾಡಿ ಯಾರಿಗೋ ಚಿಲ್ಲರೆ ಕೊಡುತ್ತಿದ್ದಾಳೆ. ಇತ್ತ ರತ್ನವ್ವ ನೆಲದ ಮೇಲೆ ಕೂತು ಪೊಟ್ಟಣ ಕಟ್ಟುತ್ತಿದ್ದಾಳೆ. ಎಲ್ಡನ್ ಮೈದಾ ಮೂಟೆ ಹಿಡಿದು ನಿಂತಿದ್ದಾನೆ. ಮೂಟೆ ಬಿಟ್ಟ. ಒಂದು ಹೆಜ್ಜೆ ಇಟ್ಟ. ಎರಡನೆಯದಕ್ಕೆ ಕಾಲೆತ್ತಿದ. ಅಲ್ಲಿಗೆ ಚಿತ್ರ ನಿಂತುಬಿಟ್ಟಿತು. ಡಿಸ್ಕ್ ಸರಿಯಾಗಿ ಅಲ್ಲಿಯೇ ತೇದು ಹೋಗಿತ್ತು. ಸುಕೇಶ ಹಿಂದೆ ಮುಂದೆ ಓಡಿಸಿದ, ಬೇರೆ ದಾರಿ ಹಿಡಿದು ನೋಡಿದ, ಎರಡನೆಯ ಹೆಜ್ಜೆ ನೆಲಕ್ಕೆ ಬರಲೇ ಇಲ್ಲ. ಚಿತ್ರ ಮತ್ತೆ ಹೊರಟಾಗ ಮಗು ರತ್ನವ್ವನ ಎದೆಯಲ್ಲಿತ್ತು. ಅವಳು ಮಗುವಿನ ಪಾದಗಳನ್ನು ಒಂದಾದ ಮೇಲೊಂದು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಆಮೇಲೆ ತಟ್ಟನೆ ಬಾಗಿಲ ಕಡೆ ನೋಡಿದಳು. ಬಾಯಮ್ಮ ತಿರುಗಿರಲಿಲ್ಲ. ರತ್ನವ್ವ ಮಗುವನ್ನು ಎತ್ತಿಕೊಂಡು ಹೋಗಿ ಮೊದಲಿನ ಜಾಗದಲ್ಲೇ ಮೂಟೆ ಹಿಡಿಸಿ ನಿಲ್ಲಿಸಿ, ಏನೂ ಆಗಲೇ ಇಲ್ಲವೆಂಬಂತೆ ಬಂದು ಪೊಟ್ಟಣ ಕಟ್ಟತೊಡಗಿದಳು.

ಅವಳು ದಾಟಿಸಿದ ಎರಡನೆಯ ತುಣುಕು ಶನಿವಾರದ್ದು. ಅದರಲ್ಲಿ ರತ್ನವ್ವ ಬಾಯಮ್ಮನ ಖಾಲಿ ಕುರ್ಚಿಯನ್ನು ಒಳಗೆ ತಂದಿಟ್ಟು, ಕುರ್ಚಿಯ ಕಡೆಗೆ ಮಗುವಿಗೆ ನಡೆಯಲು ಕಲಿಸುತ್ತಿದ್ದಳು. ಮಂಗಳವಾರದ ತುಣುಕೂ ಸಿಕ್ಕಿತು, ಒಂದು ಕಲೆಯೂ ಇಲ್ಲದೆ. ಕುರ್ಚಿಯಲ್ಲಿ ಬಾಯಮ್ಮ, ಎಲ್ಡನ್ ಪುಟುಪುಟು ನಡೆದು ಬಂದು ಅವಳ ಮೊಣಕಾಲು ಹಿಡಿಯುತ್ತಾನೆ, ಬಾಯಮ್ಮ ಎರಡೂ ಕೈ ಮೇಲೆತ್ತುತ್ತಾಳೆ. ಚಿತ್ರದ ಅಂಚಿನಲ್ಲಿ ಎರಡು ಕೈಗಳು. ಮಗುವಿನ ಕಂಕುಳನ್ನು ಆಗ ತಾನೇ ಬಿಟ್ಟ ಕೈಗಳು.

ಸುಕೇಶನಿಗೆ ತನ್ನ ಮೇಲೇ ನಾಚಿಕೆಯಾಯಿತು. ತಲೆಯೆತ್ತಿದರೆ ರತ್ನವ್ವ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದಳು.

"ನೋಡಿಬಿಟ್ರಿ" ಎಂದಳು.

"ಯಾಕೆ ರತ್ನಕ್ಕ ಅಡಗಿಸಿದ್ದು? ಕದ್ದವರ ಹಾಗೆ ಮಾಡಿದಿರಲ್ಲ?"

"ಕದ್ದಂಗ ಅಲ್ಲೇನ್ರಿ ಅದು? ಹೆತ್ತಾಕಿ ಅಲ್ಲಿ ಅದಾಳ, ಅಜ್ಜಿ ಬಾಗಲದಾಗ ಅದಾಳ. ನಡುವ ನಾ ಕುಂತು ನೋಡಿದೆ ಅಂದ್ರ? ನನ್ನ ಮಗಳು ಶಶಿಕಲಾ ಊರಾಗ ಮೊದಲ ನಡದಾಗ ನಾ ಮಣಿಪಾಲದಾಗ ಕಲ್ಲು ಹೊರತಿದ್ದೆ. ಮ್ಯಾಸ್ತ್ರಿ ಫೋನಿಗೆ ಸುದ್ದಿ ಬಂತು. ಖುಷಿ ಆತು ಖರೆ, ಆದ್ರ ನೋಡಿದವರ ಮ್ಯಾಲೆ ಹೊಟ್ಟಿಕಿಚ್ಚು ಆತ್ರಿ. ನಮ್ಮವ್ವನ ಮ್ಯಾಲೇ ಆತು." ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಎಲ್ಲಾದಕ್ಕೂ ಒಂದ ತಾರೀಕು ಅದ ಅಂದ್ರೆಲ್ಲ. ಮೊದಲಿಂದು ಯಾವುದು, ಆಮ್ಯಾಲಿಂದು ಯಾವುದು ಅಂತ ನಿಮಗ, ನನಗ ಬಿಟ್ರ ಯಾರಿಗೂ ಗೊತ್ತಾಗಂಗಿಲ್ಲ. ಮಂಗಳವಾರದ್ದು ಒಂದ ಕೊಡ್ರಿ ಅಣ್ಣಾರ."

ಸುಕೇಶ ತನ್ನ ಕಸುಬಿನಲ್ಲಿ ತಾರೀಕು ಸುಳ್ಳಾಗಿದ್ದರೆ ಸರಿ ಮಾಡಿ ಕೊಟ್ಟವನೇ ಹೊರತು, ಸುಳ್ಳು ತಾರೀಕಿಗೆ ಕೃತಜ್ಞನಾಗಿರಲಿಲ್ಲ. ಇವತ್ತು ಆದ. ಮಂಗಳವಾರದ ತುಣುಕನ್ನು ಮಾತ್ರ ಬಾಯಮ್ಮನ ಫೋನಿಗೆ ಹಾಕಿ, ಅವಳನ್ನು ಕರೆದ.

ಐರಿನ್ ಬಾಯಮ್ಮ ಅದನ್ನು ನಿಂತು ನೋಡಿದಳು, ಕೂತು ನೋಡಿದಳು, ಪಫ್ ಕೊಳ್ಳಲು ಬಂದ ಗಿರಾಕಿಗೂ ತೋರಿಸಿದಳು. "ನೋಡು, ಹೇಗೆ ಸೀದಾ ನನ್ನ ಹತ್ತಿರವೇ ಬಂದ! ಬೇರೆ ಯಾರ ಹತ್ತಿರವೂ ಹೋಗಲಿಲ್ಲ, ನೋಡು!" ರತ್ನವ್ವ ಹೌದ್ರಿ ಎಂದಳು. ಸುಕೇಶ ರಸ್ಕು ಬಾಯಿಗೆ ಹಾಕಿಕೊಂಡು ಮಾತಿನಿಂದ ತಪ್ಪಿಸಿಕೊಂಡ.

ಬಾಯಮ್ಮ ವಿಡಿಯೊ ಕಳಿಸಿದ ಕೂಡಲೇ ಲವಿಟಾಳ ಕರೆ ಬಂತು. ಫೋನಿನಲ್ಲಿ ಅವಳ ಮುಖ ಕಂಡಿತು. ನರ್ಸಿನ ಉಡುಪು, ಹಿಂದೆ ಊಟದ ಕೋಣೆಯ ಗೋಡೆ, ಕಣ್ಣು ಒದ್ದೆ. ತಾಯಿ ಮಗಳು ಸ್ವಲ್ಪ ಹೊತ್ತು ಕೊಂಕಣಿಯಲ್ಲಿ ಅತ್ತರು, ನಕ್ಕರು. ಆಮೇಲೆ ಲವಿಟಾ ಕನ್ನಡಕ್ಕೆ ತಿರುಗಿ ಕೇಳಿದಳು.

"ಮಮ್ಮಿ, ರತ್ನಕ್ಕ ಇದ್ದಾರಾ ಅಲ್ಲಿ? ಅವರ ಹತ್ತಿರ ಫೋನ್ ಕೊಡು."

ರತ್ನವ್ವ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಫೋನನ್ನು ದೂರ ಹಿಡಿದಳು.

"ರತ್ನಕ್ಕಾ, ಮೂಲೆಯಲ್ಲಿ ಕಾಣುವುದು ನಿಮ್ಮ ಕೈ ಅಲ್ವಾ?"

"ಅಲ್ಲೇ ಕೆಲಸ ಮಾಡತಿದ್ನಿರಿ."

"ಇಲ್ಲಿ ಕಾಲಿನ ಆಪರೇಷನ್ ಆದ ಮಕ್ಕಳು ಇರ್ತಾರೆ. ನಾವೇ ನಡೆಸಿ ಕಲಿಸುವುದು. ಮೊದಲ ಹೆಜ್ಜೆ ಯಾವಾಗಲೂ ನಮ್ಮ ಎದುರೇ ಆಗ್ತದೆ. ಆದರೆ ನಾನು ಹೇಳುವುದಿಲ್ಲ. ಅವರ ಅಮ್ಮ ಬಂದಾಗ ಹಿಂದೆ ನಿಂತು ಹೀಗೇ ಕೈ ಬಿಡ್ತೇನೆ. ಅವರು ಇದೇ ಮೊದಲು ಅಂತ ಅಳ್ತಾರೆ, ನಾನೂ ಹೌದು ಅಂತೇನೆ." ಲವಿಟಾ ಕಣ್ಣೊರೆಸಿಕೊಂಡಳು. "ಆ ಕೈ ನನಗೆ ಗೊತ್ತು ರತ್ನಕ್ಕ. ಅವನು ಮೊದಲು ನಡೆದದ್ದು ನಿಮ್ಮ ಹತ್ತಿರ. ಹೌದಾ, ಅಲ್ವಾ?"

ರತ್ನವ್ವ ಫೋನಿನಿಂದ ಮುಖ ತಿರುಗಿಸಿದಳು. ಐರಿನ್ ಬಾಯಮ್ಮನ ಮುಖ ಸಣ್ಣದಾಯಿತು. ಅವಳು ರತ್ನವ್ವನನ್ನು ನೋಡಿದಳು, ಸುಕೇಶನನ್ನು ನೋಡಿದಳು. ಸುಕೇಶ ಡಿಸ್ಕನ್ನು ನೋಡಿದ.

"ಹಾಗಾದರೆ ನನ್ನ ಹತ್ತಿರ ಬಂದದ್ದು ಮೊದಲು ಅಲ್ಲ" ಎಂದಳು ಬಾಯಮ್ಮ. ಅವಳಿಗೆ ನೋವಾಗಿತ್ತು. ಪೇಟೆಯಿಡೀ ಹೇಳಿಕೊಂಡು ಬಂದ ಮಾತು ಅದು. ಸ್ವಲ್ಪ ಹೊತ್ತು ಶೋಕೇಸಿನ ಗಾಜನ್ನು ಒರೆಸಿದಳು, ಒರೆಸಬೇಕಾದದ್ದೇನೂ ಇರಲಿಲ್ಲ. ಆಮೇಲೆ ತಿರುಗಿ ಸುಕೇಶನ ಮೇಲೆ ಸಿಡುಕಿದಳು. "ನಿನ್ನ ಹತ್ತಿರ ಅದೂ ಉಂಟಲ್ಲ? ಮತ್ತೆ ಎಂತಕ್ಕೆ ಕಾಯ್ತೀ? ಹಾಕು, ಮಗಳು ನೋಡಲಿ. ನಾನೂ ನೋಡ್ತೇನೆ."

ಸುಕೇಶ ರತ್ನವ್ವನ ಕಡೆ ನೋಡಿದ. ಅವಳು ತಲೆಯಾಡಿಸಿದ ಮೇಲೆ ಗುರುವಾರದ ತುಣುಕನ್ನು ತೆರೆದು, ಲ್ಯಾಪ್‌ಟಾಪಿನ ಎದುರಿಗೆ ಫೋನ್ ಹಿಡಿಸಿದ. ಎಲ್ಡನ್ ಮೂಟೆ ಬಿಟ್ಟ. ಒಂದು ಹೆಜ್ಜೆ ಇಟ್ಟ. ಎರಡನೆಯದಕ್ಕೆ ಕಾಲೆತ್ತಿ ನಿಂತ.

"ಆಮೇಲೆ?" ಎಂದಳು ಲವಿಟಾ.

"ಆಮೇಲಿನದ್ದು ಇಲ್ಲ ಅಕ್ಕ. ಡಿಸ್ಕ್ ಅಲ್ಲಿ ಹಾಳಾಗಿದೆ. ನನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿ ನೋಡಿದೆ." ಅವನಿಗೆ ನಿಜಕ್ಕೂ ದುಃಖವಾಯಿತು. ಇಂಥ ಎಷ್ಟೋ ಡಿಸ್ಕುಗಳನ್ನು ಬದುಕಿಸಿದವನು, ಬೇಕಾದ ಕಡೆ ಸೋತಿದ್ದ.

"ಕ್ಯಾಮೆರಾದಲ್ಲಿ ಇಲ್ಲದಿದ್ದರೆ ಬೇಡ" ಎಂದಳು ಲವಿಟಾ. "ರತ್ನಕ್ಕ ನೋಡಿದ್ದಾರಲ್ಲ. ರತ್ನಕ್ಕಾ, ಹೇಗೆ ಬಂದ? ಹೇಳಿ ನನಗೆ. ಎಲ್ಲ ಹೇಳಿ."

ರತ್ನವ್ವನಿಗೆ ಬಾಯಲ್ಲಿ ಹೇಳಲು ಬರಲಿಲ್ಲ. ಫೋನನ್ನು ಬಾಯಮ್ಮನ ಕೈಗೆ ಕೊಟ್ಟು, ಮೈದಾ ಮೂಟೆಯ ಹತ್ತಿರ ಹೋದಳು. ಸೊಂಟ ಹಿಡಿದ ಆ ಹೆಂಗಸು ಮೊಣಕಾಲು ಬಗ್ಗಿಸಿ, ಎರಡೂ ಕೈ ಕಿವಿಯ ಹತ್ತಿರಕ್ಕೆ ಎತ್ತಿ, ಹೊಟ್ಟೆ ಮುಂದೆ ಮಾಡಿ ನಿಂತಳು. "ಹಿಂಗ ನಿಂತ್ರಿ" ಎಂದಳು. ಒಂದು ಹೆಜ್ಜೆ ಇಟ್ಟಳು. ಎರಡನೆಯದಕ್ಕೆ ಕಾಲೆತ್ತಿ, ಅತ್ತಿತ್ತ ತೂಗಾಡಿ, ಇನ್ನೇನು ಬಿದ್ದೇಬಿಟ್ಟಳು ಎನ್ನುವಾಗ ನೆಲಕ್ಕೆ ಊರಿದಳು. "ಇಲ್ಲಿ ನಿಂತು ನಕ್ಕಾ. ತಾನ ನಿಂತೇನಿ ಅಂತ ಅವಗ ಗೊತ್ತಾತು. ಆಮ್ಯಾಲೆ ಓಡೇಬಿಟ್ಟ ನೋಡ್ರಿ." ಮೂರು, ನಾಲ್ಕು ಹೆಜ್ಜೆ ದಡದಡನೆ ಇಟ್ಟು ಪೊಟ್ಟಣಗಳ ಮೇಲೆ ಧೊಪ್ಪನೆ ಕೂತಳು. "ಹಿಂಗ ಬಂದು ನನ್ನ ಮ್ಯಾಲೆ ಬಿದ್ದ. ಮೂಗು ಸೋರತಿತ್ತು."

ಎಲ್ಡನ್ ಇದನ್ನೆಲ್ಲ ನೋಡಿ ಕೇಕೆ ಹಾಕಿ ಚಪ್ಪಾಳೆ ತಟ್ಟಿದ. ಐರಿನ್ ಬಾಯಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಫೋನಿನೊಳಗೆ ಲವಿಟಾ ಮುಖ ಮುಚ್ಚಿಕೊಂಡು ಅಳುತ್ತಿದ್ದಳು, ಆದರೆ ಇದು ಆ ಸಣ್ಣ ದನಿಯ ಅಳು ಅಲ್ಲ ಎಂಬುದು ತಾಯಿಗೆ ತಿಳಿಯಿತು.

"ಇನ್ನೊಮ್ಮೆ ಮಾಡಿ ರತ್ನಕ್ಕ" ಎಂದಳು ಲವಿಟಾ. ರತ್ನವ್ವ ಇನ್ನೊಮ್ಮೆ ಮಾಡಿದಳು.

ಕರೆ ಮುಗಿಸುವ ಮುಂಚೆ ಲವಿಟಾ ಕೇಳಿದಳು. "ನಿಮ್ಮ ಶಶಿಕಲಾ ಮೊದಲು ಯಾರ ಹತ್ತಿರ ನಡೆದದ್ದು ರತ್ನಕ್ಕ?"

"ಗೊತ್ತಿಲ್ರಿ."

"ಕೇಳಲಿಲ್ವಾ?"

"ಆವತ್ತು ಸಿಟ್ಟಿತ್ತು, ಕೇಳಲಿಲ್ಲ. ಆಮ್ಯಾಲೆ ಕೇಳಾಕ ಹೆದರಿಕಿ ಆತು. ಈಗ ಆಕಿ ಕಾಲೇಜಿಗೆ ಹೋಗ್ತಾಳ್ರಿ, ಈಗೇನು ಕೇಳೂದು."

ಲವಿಟಾ ಡ್ಯೂಟಿಗೆ ಹೋದಳು. ಸುಕೇಶ ಹೊಸ ಬ್ಯಾಟರಿ ಕೂರಿಸಿ, ಮಣಿಪಾಲದ ಯಾವುದೋ ರೆಕಾರ್ಡರಿನಿಂದ ಬಂದ ಬೇರೆ ಡಿಸ್ಕ್ ಹಾಕಿ, ಗಡಿಯಾರಕ್ಕೆ ಈ ದಿನದ ತಾರೀಕು ಕೊಟ್ಟ. ಇನ್ನು ಮೈನ್ ಆಫ್ ಮಾಡಿದರೂ ಇದಕ್ಕೆ ನಿನ್ನೆ ನೆನಪಿರುತ್ತದೆ ಎಂದು ಬಾಯಮ್ಮನಿಗೆ ಹೇಳಿದ. ಬಾಯಮ್ಮ ಕೇಳಿಸಿಕೊಳ್ಳಲಿಲ್ಲ. ಅವಳು ರತ್ನವ್ವನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ನಿನ್ನ ತಾಯಿ ಜೀವಂತ ಇದ್ದಾರಲ್ಲ?"

"ಅದಾರ್ರಿ."

"ಮತ್ತೆ ಎಂತಕ್ಕೆ ಕೂತಿದ್ದೀ? ಫೋನ್ ಮಾಡು. ಈಗಲೇ. ರಸ್ಕು ನಾನು ಕಟ್ತೇನೆ."

ರತ್ನವ್ವ ಬಹಳ ಹೊತ್ತು ಫೋನನ್ನು ಅಂಗೈಯಲ್ಲಿ ತಿರುಗಿಸಿದಳು. ಕೊನೆಗೆ ಒತ್ತಿದಳು. ಅವ್ವನಿಗೆ ಕಿವಿ ಮಂದ, ಆ ಕಡೆಯ ದನಿ ಇಡೀ ಬೇಕರಿಗೆ ಕೇಳುತ್ತಿತ್ತು.

"ಅವ್ವಾ, ಶಶಿ ಮೊದಲ ನಡದಾಗ ಯಾರ ಕಡೆ ಹೋಗಿದ್ಲು?"

"ಈಗ್ಯಾಕ ಬಂತ ನಿನಗ ಅದು?"

"ಹೇಳವ್ವ."

ಆ ಕಡೆ ಮುದುಕಿ ಕೋಳಿಗಳನ್ನು ಅಟ್ಟಿದ್ದು ಕೇಳಿಸಿತು.

"ನನ್ನ ಕಡೆ ಬರಲಿಲ್ಲ ಬಿಡು. ಕೈ ಚಾಚಿ ಎಷ್ಟ ಕರದ್ರೂ ಬರಲಿಲ್ಲ. ನೀ ಬಿಟ್ಟು ಹೋಗಿದ್ದಿ ಅಲ್ಲ, ಹಸರು ಸೀರಿ, ಅದನ್ನ ತೊಳದು ಹಗ್ಗದ ಮ್ಯಾಲೆ ಹಾಕಿದ್ದೆ. ಗಾಳಿಗೆ ಹಾರಾಡತಿತ್ತು. ಗ್ವಾಡಿ ಬಿಟ್ಟು ಸೀದಾ ಅದರ ಕಡೆ ಹೊಂಟಳು. ಹೋಗಿ ಸೆರಗು ಹಿಡಕೊಂಡು ನಿಂತಳು. ಬಿಡಿಸಾಕ ಹೋದ್ರ ಬಿಡಲೇ ಇಲ್ಲ. ಹೇಳಿದ್ರ ನೀ ಕೆಲಸ ಬಿಟ್ಟು ಓಡಿ ಬರ್ತಿದ್ದಿ, ಅದಕ್ಕ ಹೇಳಲಿಲ್ಲ."

ಬಾಯಮ್ಮ ರಸ್ಕು ಕಟ್ಟುವುದನ್ನು ನಿಲ್ಲಿಸಿದಳು. ರತ್ನವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು.

"ಇನ್ನೊಮ್ಮೆ ಹೇಳವ್ವಾ" ಎಂದಳು. ಆ ಕಡೆಯ ಮುದುಕಿ ಮತ್ತೆ ಮೊದಲಿನಿಂದ ಹೇಳತೊಡಗಿದಳು.